ಹಳೇ ಪೆಟ್ಟಿಗೆಗೂ ಹೊಸ ಪೆಟ್ಟಿಗೆಗೂ ಒಂದೇ ರೇಟು: ಗೋಣಿಕೊಪ್ಪದ ಒಂದು ಅಂಗಡಿಯ ಪ್ರಕರಣ

2024ರ ಏಪ್ರಿಲ್ 5ರಂದು ಸೋನಿ ಕಂಪನಿ ಟಿವಿಗೆ ಜೋಡಿಸಿ ಆಡುವ ತನ್ನ ಗೇಮ್ ಯಂತ್ರ (ಕನ್ಸೋಲ್) ಪ್ಲೇಸ್ಟೇಷನ್ 5ರ ಹೊಸ ವಿನ್ಯಾಸದ ಮಾದರಿಯನ್ನು ಭಾರತದಲ್ಲಿ ಮಾರಾಟಕ್ಕೆ ಬಿಟ್ಟಿತು. ಎಲ್ಲರೂ ಅದನ್ನು ಸ್ಲಿಮ್ ಅಂತಲೇ ಕರೆಯುತ್ತಾರೆ. ಡಿಸ್ಕ್ ಹಾಕುವ ಮಾದರಿಗೆ 54,990 ರೂಪಾಯಿ, ಡಿಸ್ಕ್ ಇಲ್ಲದ, ಆಟವನ್ನು ಇಂಟರ್ನೆಟ್ ಮೂಲಕ ಇಳಿಸಿಕೊಳ್ಳುವ ಡಿಜಿಟಲ್ ಮಾದರಿಗೆ 44,990 ರೂಪಾಯಿ. ಹಳೇ ಮಾದರಿಗಳ ಬೆಲೆಯೂ ಅಷ್ಟೇ ಇತ್ತು. ಒಂದು ರೂಪಾಯಿ ಏರಲಿಲ್ಲ, ಒಂದು ರೂಪಾಯಿ ಇಳಿಯಲಿಲ್ಲ.

ಬೆಲೆ ಬದಲಾಗಿಲ್ಲ ಅಂದಮೇಲೆ ತೊಂದರೆ ಏನು ಅನ್ನಿಸಬಹುದು. ಆದರೆ ಆ ದಿನ ಕೊಡಗಿನ ಗೋಣಿಕೊಪ್ಪದ ಮುಖ್ಯರಸ್ತೆಯ ಒಂದು ಮೊಬೈಲ್ ಮತ್ತು ಗೇಮ್ ಅಂಗಡಿಯ ಅಟ್ಟದ ಮೇಲೆ ಹಳೇ ಮಾದರಿಯ ಆರು ಪೆಟ್ಟಿಗೆಗಳು ಸೀಲ್ ಒಡೆಯದೆ ಇದ್ದವು. ನಾಲ್ಕು ಡಿಸ್ಕ್‌ನವು, ಎರಡು ಡಿಜಿಟಲ್. ಅಷ್ಟಕ್ಕೂ ದುಡ್ಡು ಕಟ್ಟಿ ಆಗಿತ್ತು. ಆ ಅಂಗಡಿಯ ಲೆಕ್ಕಪತ್ರ ನೋಡಿಕೊಳ್ಳುವವನು ನಾನು. ಮಾಲೀಕರ ಒಪ್ಪಿಗೆ ಪಡೆದು, ಹೆಸರು ಬಿಟ್ಟು ಇದನ್ನು ಬರೆಯುತ್ತಿದ್ದೇನೆ. ಖರೀದಿ ಬೆಲೆ ಮತ್ತು ಉಳಿಕೆಯ ಅಂಕಿಗಳನ್ನು ಓದಲು ಸುಲಭವಾಗುವಂತೆ ದುಂಡಗೆ ಮಾಡಿದ್ದೇನೆ.

ಹೊಸ ಮಾಲು ಬಂದ ವಾರದಲ್ಲೇ ಬಿಟ್ಟಂಗಾಲದ ಕಡೆಯ ಬೆಳೆಗಾರರೊಬ್ಬರು ಮಗಳನ್ನು ಕರೆದುಕೊಂಡು ಅಂಗಡಿಗೆ ಬಂದರು. ರೊಬಸ್ಟಾ ಕಾಫಿಗೆ ದಾಖಲೆ ಬೆಲೆ ಬಂದ ವರ್ಷ ಅದು. ಕೊಯ್ಲು ಮುಗಿದಿತ್ತು, ಕೈಯಲ್ಲಿ ದುಡ್ಡಿತ್ತು. ಮಾಲೀಕರು ಎರಡೂ ಪೆಟ್ಟಿಗೆಗಳನ್ನು ಕೌಂಟರ್ ಮೇಲೆ ಇಟ್ಟರು.

"ಎರಡಕ್ಕೂ ಒಂದೇ ರೇಟಾ?"

"ಹೌದು ಸರ್, ಎಂಆರ್‌ಪಿ ಒಂದೇ."

"ಹಾಗಾದ್ರೆ ಹಳೇದು ಯಾಕೆ ತೋರಿಸ್ತಿದ್ದೀರಿ? ಹೊಸದೇ ಕೊಡಿ."

ಅವರು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಯಾರೇ ಆದರೂ ಹಾಗೇ ಹೇಳುತ್ತಾರೆ. ಅಟ್ಟದ ಮೇಲಿದ್ದ ಆರು ಪೆಟ್ಟಿಗೆಗಳ ಬೆಲೆ ಆ ಒಂದು ಮಾತಿನಲ್ಲಿ ಇಳಿದುಹೋಯಿತು. ಆದರೆ ಕಾಗದದ ಮೇಲೆ ಎಲ್ಲೂ ಇಳಿದಿರಲಿಲ್ಲ. ಇಡೀ ಪ್ರಕರಣದ ಗಂಟು ಇರುವುದು ಇಲ್ಲೇ.

ಕ್ರೆಡಿಟ್ ನೋಟ್ ಯಾಕೆ ಬರಲಿಲ್ಲ

ಎಲೆಕ್ಟ್ರಾನಿಕ್ಸ್ ವ್ಯಾಪಾರದಲ್ಲಿ ಒಂದು ಪದ್ಧತಿ ಇದೆ. ಕಂಪನಿ ಒಂದು ವಸ್ತುವಿನ ಬೆಲೆ ಇಳಿಸಿದರೆ, ಆ ದಿನ ಅಂಗಡಿಯಲ್ಲಿ ಉಳಿದಿರುವ ಸ್ಟಾಕ್ ಲೆಕ್ಕ ಹಾಕಿ, ವ್ಯತ್ಯಾಸದ ಹಣಕ್ಕೆ ಡಿಸ್ಟ್ರಿಬ್ಯೂಟರ್ ಮೂಲಕ ಕ್ರೆಡಿಟ್ ನೋಟ್ (ಅಷ್ಟು ಹಣವನ್ನು ಅಂಗಡಿಯ ಲೆಕ್ಕಕ್ಕೆ ಜಮಾ ಮಾಡುವ ಚೀಟಿ) ಕೊಡುತ್ತಾರೆ. ಜಾಸ್ತಿ ಬೆಲೆಗೆ ಕೊಂಡ ಅಂಗಡಿಯವನು ಕಡಿಮೆ ಬೆಲೆಗೆ ಮಾರಿ ಮುಳುಗಬಾರದು ಅನ್ನೋದು ಉದ್ದೇಶ. ಎಲ್ಲ ಕಡೆ, ಎಲ್ಲ ಸಲ ಇದು ಸರಿಯಾಗಿ ನಡೆಯುತ್ತೆ ಅಂತಲ್ಲ. ಆದರೂ ಕೇಳುವುದಕ್ಕೆ ಒಂದು ಆಧಾರವಂತೂ ಇರುತ್ತದೆ.

ಇಲ್ಲಿ ಕೇಳುವುದಕ್ಕೇ ಆಧಾರ ಇರಲಿಲ್ಲ. ಮಾಲೀಕರು ಡಿಸ್ಟ್ರಿಬ್ಯೂಟರ್‌ಗೆ ಫೋನ್ ಮಾಡಿದಾಗ ಬಂದ ಉತ್ತರ ಚಿಕ್ಕದು: "ಎಂಆರ್‌ಪಿ ಬದಲಾಗಿಲ್ಲವಲ್ಲ, ಯಾವುದಕ್ಕೆ ಅಂತ ಕ್ರೆಡಿಟ್ ಕೊಡಲಿ?" ಬಿಲ್ಲಿನ ಪ್ರಕಾರ ಅದೂ ಸರಿಯೇ. ವಾಪಸ್ ತಗೊಳ್ಳಿ ಅಂದರೆ ಅದಕ್ಕೂ ಒಪ್ಪಲಿಲ್ಲ.

ಬೆಲೆ ಇಳಿಸದೆ ವಸ್ತುವನ್ನು ಮಾತ್ರ ಉತ್ತಮ ಮಾಡಿದರೆ, ಹಳೇ ವಸ್ತುವಿನ ಬೆಲೆ ಇಳಿಸಿದ ಹಾಗೇ ಆಗುತ್ತದೆ. ಆ ಇಳಿತವನ್ನು ಕಂಪನಿ ಹೊರುವುದಿಲ್ಲ, ಡಿಸ್ಟ್ರಿಬ್ಯೂಟರ್ ಹೊರುವುದಿಲ್ಲ. ಕೊನೆಗೆ ಪೆಟ್ಟಿಗೆ ಯಾರ ಅಟ್ಟದ ಮೇಲೆ ಇದೆಯೋ ಅವರು ಹೊರಬೇಕು. ದೊಡ್ಡ ಊರಿನ ದೊಡ್ಡ ಅಂಗಡಿಗಳ ಸ್ಟಾಕ್ ಬೇಗ ಖಾಲಿಯಾಗುತ್ತದೆ. ಗೋಣಿಕೊಪ್ಪ, ವಿರಾಜಪೇಟೆ, ಸೋಮವಾರಪೇಟೆಯಂಥ ಊರಿನಲ್ಲಿ ಆರು ಪೀಸ್ ಅಂದರೆ ತಿಂಗಳುಗಟ್ಟಲೆ ವ್ಯಾಪಾರ.

ಮೊದಲೆಲ್ಲ ಹೀಗಿರಲಿಲ್ಲ

ಗೇಮ್ ಕನ್ಸೋಲ್‌ಗೆ ನಡುವಯಸ್ಸಿನಲ್ಲಿ ಹೊಸ ವಿನ್ಯಾಸ ಬರುವುದು ಹಳೇ ಪದ್ಧತಿ. 1977ರಲ್ಲಿ ಬಂದ ಅಟಾರಿ 2600ನ್ನು 1986ರಲ್ಲಿ ಚಿಕ್ಕದಾಗಿ ಮಾಡಿ 50 ಡಾಲರ್‌ಗಿಂತ ಕಡಿಮೆಗೆ ಮಾರಿದರು. 1993ರಲ್ಲಿ ನಿಂಟೆಂಡೋ ತನ್ನ ಮೊದಲ ಕನ್ಸೋಲನ್ನೇ ಹೊಸ ರೂಪದಲ್ಲಿ 49.99 ಡಾಲರ್‌ಗೆ ತಂದಿತು. ಆಗೆಲ್ಲ ಹೊಸ ವಿನ್ಯಾಸ ಅಂದರೆ ಬೆಲೆ ಇಳಿಯಿತು ಅಂತಲೇ ಜನ ತಿಳಿಯುತ್ತಿದ್ದರು.

ಇದರ ಅತ್ಯುತ್ತಮ ಉದಾಹರಣೆ ಪ್ಲೇಸ್ಟೇಷನ್ 3. 2006ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಅದರ ಬೆಲೆ 499 ಮತ್ತು 599 ಡಾಲರ್. ಐಸಪ್ಲೈ ಅನ್ನುವ ಸಂಸ್ಥೆ ಅದನ್ನು ಬಿಚ್ಚಿ ನೋಡಿ, ತಯಾರಿಸುವ ಖರ್ಚೇ 800 ಡಾಲರ್ ದಾಟುತ್ತದೆ ಅಂತ ಅಂದಾಜು ಮಾಡಿತ್ತು. ಅಂದರೆ ಒಂದೊಂದು ಪೆಟ್ಟಿಗೆ ಮಾರಿದಾಗಲೂ ಸೋನಿಗೆ ನಷ್ಟ. ಆಟಗಳ ಮಾರಾಟದಿಂದ ಅದನ್ನು ತುಂಬಿಕೊಳ್ಳುವುದು ಲೆಕ್ಕಾಚಾರ. ಬೇರೆ ಕಂಪನಿ ಮಾಡಿದ ಆಟ ಮಾರಾಟವಾದರೂ ಕನ್ಸೋಲ್ ಕಂಪನಿಗೆ ಪಾಲು ಹೋಗುತ್ತದಲ್ಲ, ಅದೇ ಆದಾಯ. ಆದರೆ ಅಷ್ಟು ದುಬಾರಿ ಪೆಟ್ಟಿಗೆಯನ್ನು ಜನ ಕೊಳ್ಳಲು ಹಿಂದೆಮುಂದೆ ನೋಡಿದರು.

2009ರ ಸೆಪ್ಟೆಂಬರ್‌ನಲ್ಲಿ ಪಿಎಸ್3 ಸ್ಲಿಮ್ ಬಂತು. 399 ಡಾಲರ್ ಇದ್ದ ಬೆಲೆ 299ಕ್ಕೆ ಇಳಿಯಿತು. ಮೊದಲ ಮೂರು ವಾರದಲ್ಲೇ ಜಗತ್ತಿನಾದ್ಯಂತ ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಇದು ಸಾಧ್ಯವಾಗಿದ್ದು ಮುಖ್ಯವಾಗಿ ಒಳಗಿನ ಚಿಪ್‌ನಿಂದ. ಮೊದಲ ಪಿಎಸ್3ರ ಸೆಲ್ ಪ್ರೊಸೆಸರ್ 90 ನ್ಯಾನೋಮೀಟರ್ ತಂತ್ರದಲ್ಲಿ ತಯಾರಾಗುತ್ತಿತ್ತು, ಸ್ಲಿಮ್‌ನಲ್ಲಿ ಅದು 45ಕ್ಕೆ ಬಂದಿತ್ತು. ಈ ಅಂಕಿ ಇಳಿದಷ್ಟೂ ಚಿಪ್ ಚಿಕ್ಕದಾಗುತ್ತದೆ. ಚಿಪ್ ಚಿಕ್ಕದಾದರೆ ಒಂದೇ ಸಿಲಿಕಾನ್ ಹಾಳೆಯಿಂದ ಜಾಸ್ತಿ ಚಿಪ್ ಸಿಗುತ್ತವೆ. ಶಾಖ ಕಡಿಮೆ, ಫ್ಯಾನ್ ಚಿಕ್ಕದು, ಪವರ್ ಸಪ್ಲೈ ಚಿಕ್ಕದು. ಪೆಟ್ಟಿಗೆಯೂ ಚಿಕ್ಕದಾಗಿ ಹಡಗಿನ ಕಂಟೇನರ್‌ನಲ್ಲಿ ಜಾಸ್ತಿ ಹಿಡಿಸುತ್ತವೆ. ಹೀಗೆ ಉಳಿದ ಹಣದ ದೊಡ್ಡ ಪಾಲು ಗಿರಾಕಿಗೆ ಬೆಲೆ ಇಳಿಕೆಯಾಗಿ ಸಿಕ್ಕಿತು. ಏನನ್ನೂ ಕಿತ್ತುಕೊಳ್ಳಲಿಲ್ಲ ಅಂತಲ್ಲ. ಹಿಂದಿನ ಪಿಎಸ್3ಗಳಲ್ಲಿ ಲಿನಕ್ಸ್ ಅನ್ನುವ ಕಂಪ್ಯೂಟರ್ ಆಪರೇಟಿಂಗ್ ಸಿಸ್ಟಮ್ ಹಾಕಿಕೊಳ್ಳಲು ಅವಕಾಶ ಇತ್ತು, ಸ್ಲಿಮ್‌ನಲ್ಲಿ ಅದನ್ನು ತೆಗೆದರು. ಆದರೂ ನೂರು ಡಾಲರ್ ಇಳಿಕೆಯ ಮುಂದೆ ಅದು ಬಹಳ ಜನಕ್ಕೆ ದೊಡ್ಡದಾಗಿ ಕಾಣಲಿಲ್ಲ.

ಅಂಗಡಿಯವರ ಕಣ್ಣಿನಿಂದ ನೋಡಿದರೆ ನನಗೆ ಇನ್ನೂ ಇಷ್ಟವಾಗುವುದು ಮೈಕ್ರೋಸಾಫ್ಟ್ 2016ರಲ್ಲಿ ನಡೆದುಕೊಂಡ ರೀತಿ. ಎಕ್ಸ್‌ಬಾಕ್ಸ್ ಒನ್ ಎಸ್ ಬರುವುದಕ್ಕೆ ಮುಂಚೆಯೇ ಹಳೇ ಎಕ್ಸ್‌ಬಾಕ್ಸ್ ಒನ್‌ನ ಬೆಲೆಯನ್ನು ಹಂತಹಂತವಾಗಿ ಇಳಿಸುತ್ತಾ ಬಂದರು: 299 ಡಾಲರ್, ಆಮೇಲೆ 279, ಆಮೇಲೆ 249. ಆಗಸ್ಟ್‌ನಲ್ಲಿ ಹೊಸದು 299ಕ್ಕೆ ಬಂದಾಗ ಹಳೇದಕ್ಕೂ ಹೊಸದಕ್ಕೂ ನಡುವೆ 50 ಡಾಲರ್ ಅಂತರ ಇತ್ತು. ದುಡ್ಡು ಕಡಿಮೆ ಇದ್ದವರು ಹಳೇದನ್ನು ಕೊಂಡರು, ಹೊಸದೇ ಬೇಕು ಅಂದವರು ಹೊಸದನ್ನು ಕೊಂಡರು. ಎರಡು ಮಾದರಿಗೂ ಒಂದೊಂದು ಜಾಗ ಸಿಕ್ಕಿತು.

ನಿಂಟೆಂಡೋದ ದಾರಿ ಆಮೇಲೆ ಬೇರೆಯಾಯಿತು. ಅವರು ಹೊಸ ರೂಪಕ್ಕೆ ಜಾಸ್ತಿ ಕೇಳಲು ಅಳುಕುವುದಿಲ್ಲ. ಕೈಯಲ್ಲಿ ಹಿಡಿದು ಆಡುವ ಯಂತ್ರಗಳನ್ನೇ ನೋಡಿ: 2006ರ ಡಿಎಸ್ ಲೈಟ್ 129.99 ಡಾಲರ್, 2009ರ ಡಿಎಸ್‌ಐ 169.99. 2017ರ ಸ್ವಿಚ್ 299.99, 2021ರ ಓಎಲ್‌ಇಡಿ ಪರದೆಯ ಸ್ವಿಚ್ 349.99. ಕಡಿಮೆ ಬೆಲೆಗೆ ಬೇಕಾದರೆ ಬೇರೆಯದೇ ಮಾದರಿ: 2019ರ ಸ್ವಿಚ್ ಲೈಟ್ 199.99ಕ್ಕೆ. ಅದನ್ನು ಟಿವಿಗೆ ಜೋಡಿಸಲು ಆಗುವುದಿಲ್ಲ. ಹಾಗೆ ಒಂದೊಂದು ಬೆಲೆಗೂ ಒಂದೊಂದು ಕಾರಣ ಇಟ್ಟಿದ್ದಾರೆ.

ಅದೇ ನಿಂಟೆಂಡೋ 2011ರಲ್ಲಿ 3ಡಿಎಸ್‌ನ ಬೆಲೆಯನ್ನು ಐದಾರು ತಿಂಗಳಲ್ಲೇ 249.99ರಿಂದ 169.99 ಡಾಲರ್‌ಗೆ ಇಳಿಸಬೇಕಾಗಿ ಬಂತು. ಮೊದಲೇ ಕೊಂಡವರಿಗೆ ಬೇಜಾರಾಗಬಾರದು ಅಂತ ಇಪ್ಪತ್ತು ಹಳೇ ಆಟಗಳನ್ನು ಪುಕ್ಕಟೆಯಾಗಿ ಕೊಟ್ಟರು. ಅದು ಮರುವಿನ್ಯಾಸದ ಕಥೆ ಅಲ್ಲ, ಆದರೂ ಇಲ್ಲಿ ಹೇಳಲೇಬೇಕು. ಬೆಲೆ ಬದಲಾದಾಗ ನೊಂದವರು ಯಾರು ಅಂತ ಯೋಚಿಸಿ, ಅವರಿಗೆ ಏನಾದರೂ ಕೊಟ್ಟರಲ್ಲ, ಅದು ದೊಡ್ಡ ವಿಷಯ.

ಪ್ಲೇಸ್ಟೇಷನ್ 5ರ ಕಾಲಕ್ಕೆ ಬಂದರೆ ಗಾಳಿ ತಿರುಗಿದೆ. ಚಿಪ್ ಚಿಕ್ಕದಾದರೂ ಮೊದಲಿನಷ್ಟು ಅಗ್ಗವಾಗುವುದಿಲ್ಲ. ಹೊಸ ತಂತ್ರದ ಒಂದೊಂದು ಸಿಲಿಕಾನ್ ಹಾಳೆಯ ಬೆಲೆಯೇ ಏರಿದೆ. 2022ರ ಆಗಸ್ಟ್‌ನಲ್ಲಿ ಸೋನಿ ಯುರೋಪ್, ಜಪಾನ್ ಮುಂತಾದ ಕಡೆ ಪಿಎಸ್5 ಬೆಲೆ ಏರಿಸಿತು. ಭಾರತದಲ್ಲಿ ಆ ವರ್ಷದ ನವೆಂಬರ್‌ನಲ್ಲಿ 49,990 ಇದ್ದದ್ದು 54,990 ಆಯಿತು, 39,990 ಇದ್ದದ್ದು 44,990 ಆಯಿತು. ಸ್ಲಿಮ್ ಬಂದಾಗ ಅಮೆರಿಕದಲ್ಲಿ ಡಿಸ್ಕ್ ಮಾದರಿ 499.99ರಲ್ಲೇ ಉಳಿಯಿತು, ಡಿಜಿಟಲ್ ಮಾದರಿ 399.99ರಿಂದ 449.99ಕ್ಕೆ ಏರಿತು. ಜೊತೆಗೆ, ನಿಲ್ಲಿಸುವ ಸ್ಟ್ಯಾಂಡ್ ಮೊದಲು ಪೆಟ್ಟಿಗೆಯಲ್ಲೇ ಬರುತ್ತಿತ್ತು. ಸ್ಲಿಮ್ ಬಂದಾಗ ಅದಕ್ಕೆ ಬೇರೆ 29.99 ಡಾಲರ್ ಇಟ್ಟರು. ಬಿಡಿಯಾಗಿ ಕೊಳ್ಳುವ ಡಿಸ್ಕ್ ಡ್ರೈವ್‌ಗೆ 79.99. ಹೊಸ ವಿನ್ಯಾಸದಿಂದ ಏನು ಉಳಿತಾಯವಾಯಿತೋ ಅದು ಈ ಸಲ ಗಿರಾಕಿಗೆ ಬರಲಿಲ್ಲ.

ಪೆಟ್ಟಿಗೆ ಬಿಚ್ಚಿ ನೋಡಿದಾಗ

ಮಾಲೀಕರು ಒಂದು ಹೊಸ ಪೀಸನ್ನು ಪ್ರದರ್ಶನಕ್ಕೆ ಅಂತ ಬಿಚ್ಚಿದರು. ಹಳೇದರ ಪಕ್ಕ ಇಟ್ಟು ನಿಧಾನವಾಗಿ ನೋಡಿದೆವು. ವ್ಯತ್ಯಾಸ ಏನೇನು ಅಂತ ಗೊತ್ತಿಲ್ಲದೆ ರೇಟು ಹಾಕಲು ಆಗುವುದಿಲ್ಲ.

ಅಳತೆಯಲ್ಲಿ ಮೂವತ್ತು ಪರ್ಸೆಂಟ್‌ಗೂ ಜಾಸ್ತಿ ಚಿಕ್ಕದು. ಕೈಯಲ್ಲಿ ಎತ್ತಿದರೆ ತಕ್ಷಣ ಗೊತ್ತಾಗುತ್ತದೆ. 2020ರ ಮೊದಲ ಮಾದರಿ ನಾಲ್ಕೂವರೆ ಕಿಲೋ ಇತ್ತು, ಡಿಸ್ಕ್ ಇರುವ ಸ್ಲಿಮ್ 3.2 ಕಿಲೋ. ಮುಂದೆ ಯುಎಸ್‌ಬಿ-ಸಿ ಕಿಂಡಿಗಳು ಎರಡು. ಹಳೇದರಲ್ಲಿ ಒಂದು ಸಿ, ಒಂದು ಹಳೇ ಅಗಲ ಕಿಂಡಿ. ಆಟಗಳನ್ನು ತುಂಬಿಡುವ ಸಂಗ್ರಹ 1 ಟಿಬಿ, ಹಳೇದರಲ್ಲಿ 825 ಜಿಬಿ. ಅಡ್ಡಡ್ಡ ಇಡಲು ಪ್ಲಾಸ್ಟಿಕ್‌ನ ಎರಡು ಪುಟ್ಟ ಕಾಲುಗಳು ಸಿಗುತ್ತವೆ. ನಿಲ್ಲಿಸಬೇಕಾದರೆ ಸ್ಟ್ಯಾಂಡ್ ಕೊಳ್ಳಬೇಕು.

ಇಷ್ಟೆಲ್ಲ ಆದರೂ ಆಟ ಆಡುವಾಗ ಏನೂ ವ್ಯತ್ಯಾಸ ಇಲ್ಲ. ಅಂಗಡಿಯಲ್ಲಿದ್ದ ಹಳೇ ಪೆಟ್ಟಿಗೆಗಳು 1200 ಸರಣಿಯವು. ಅವುಗಳಲ್ಲಿ ಆಗಲೇ 6 ನ್ಯಾನೋಮೀಟರ್‌ನ ಚಿಪ್ ಇತ್ತು. ಅದೇ ಆಟ, ಅದೇ ವೇಗ, ಅದೇ ಚಿತ್ರ.

ದೊಡ್ಡ ಬದಲಾವಣೆ ಡಿಸ್ಕ್ ಡ್ರೈವ್‌ನದು. ಸ್ಲಿಮ್‌ನಲ್ಲಿ ಪಕ್ಕದ ಮುಚ್ಚಳ ತೆಗೆದರೆ ಡ್ರೈವ್ ಬಿಡಿಯಾಗಿ ಕೈಗೆ ಬರುತ್ತದೆ. ಡಿಜಿಟಲ್ ಕೊಂಡವರು ಬೇಕೆನಿಸಿದಾಗ ಡ್ರೈವ್ ಕೊಂಡು ಸೇರಿಸಬಹುದು. ಆದರೆ ಒಂದು ಷರತ್ತು: ಮೊದಲ ಸಲ ಡ್ರೈವ್ ಜೋಡಿಸುವಾಗ ಇಂಟರ್ನೆಟ್ ಇರಲೇಬೇಕು. ಡ್ರೈವ್‌ಗೂ ಯಂತ್ರಕ್ಕೂ ಪರಿಚಯ ಆಗುವುದು ಸೋನಿಯ ಸರ್ವರ್ ಮೂಲಕ. ಬೆಂಗಳೂರಿನಲ್ಲಿ ಇದನ್ನು ಯಾರೂ ಗಮನಿಸುವುದಿಲ್ಲ. ತೋಟದೊಳಗಿನ ಮನೆಯಲ್ಲಿ, ಬೆಟ್ಟದ ಮರೆಯಲ್ಲಿ, ಜುಲೈ ಮಳೆಗೆ ಕರೆಂಟು, ಟವರು ಎರಡೂ ಹೋದ ವಾರದಲ್ಲಿ ಹೊಸ ಯಂತ್ರ ತೆಗೆದು ಕೂತರೆ ಗೊತ್ತಾಗುತ್ತದೆ. ಒಂದೇ ಸಲದ ಕೆಲಸ, ಮೊಬೈಲ್ ಹಾಟ್‌ಸ್ಪಾಟ್‌ನಲ್ಲೂ ಮುಗಿಯುತ್ತದೆ, ನಿಜ. ಆದರೆ ಹಳೇ ಮಾದರಿಗೆ ಆ ರಗಳೆಯೇ ಇಲ್ಲ.

ಈ ಹೋಲಿಕೆಯಿಂದ ಒಂದು ವಿಷಯ ಸ್ಪಷ್ಟವಾಯಿತು. ಆರು ಪೆಟ್ಟಿಗೆಗಳನ್ನು ಒಂದೇ ಗುಂಪಿನಲ್ಲಿ ಇಡಬಾರದು. ಹಳೇ ಡಿಸ್ಕ್ ಮಾದರಿ ಹೊಸದಕ್ಕಿಂತ ದಪ್ಪ, ಅಷ್ಟೇ. ಸಂಗ್ರಹ ಸಾಲದಿದ್ದರೆ ಒಳಗೆ ಎಸ್‌ಎಸ್‌ಡಿ ಹಾಕಿಕೊಳ್ಳಬಹುದು. ಸ್ಟ್ಯಾಂಡ್ ಬೇರೆ ಜೊತೆಗೇ ಇದೆ. ಹಳೇ ಡಿಜಿಟಲ್ ಹಾಗಲ್ಲ. ಅದಕ್ಕೆ ಯಾವತ್ತೂ ಡಿಸ್ಕ್ ಡ್ರೈವ್ ಸೇರಿಸಲು ಆಗುವುದಿಲ್ಲ. ಹೊಸ ಡಿಜಿಟಲ್‌ಗೆ ಆಗುತ್ತದೆ. ಅದೇ 44,990ಕ್ಕೆ ಒಂದರಲ್ಲಿ ದಾರಿ ತೆರೆದಿದೆ, ಇನ್ನೊಂದರಲ್ಲಿ ಮುಚ್ಚಿದೆ.

ಕೊಡಗಿನಲ್ಲಿ ಡಿಸ್ಕ್ ಯಾಕೆ ಮುಖ್ಯ

ಪೇಟೆಯಲ್ಲಿ ಈಗ ಫೈಬರ್ ಬಂದಿದೆ. ಆದರೆ ಪೇಟೆಯಿಂದ ಸ್ವಲ್ಪ ಒಳಗೆ ಹೋದರೆ ಬಹಳ ಮನೆಗಳಲ್ಲಿ ಮೊಬೈಲ್ ಡೇಟಾವೇ ಗತಿ. ಎಷ್ಟೋ ಹೊಸ ಆಟಗಳು 100 ಜಿಬಿ ದಾಟುತ್ತವೆ. ದಿನಕ್ಕೆ 2 ಜಿಬಿಯ ಪ್ಯಾಕ್‌ನಲ್ಲಿ ಅದನ್ನು ಇಳಿಸಿಕೊಳ್ಳಬೇಕಾದರೆ, ಫೋನಿನಲ್ಲಿ ಬೇರೇನೂ ಮಾಡದಿದ್ದರೂ, ಐವತ್ತು ದಿನ ಬೇಕು! ಡಿಸ್ಕ್ ಇದ್ದರೆ ಆಟದ ಬಹುಪಾಲು ಡಿಸ್ಕ್‌ನಿಂದಲೇ ಇಳಿಯುತ್ತದೆ. ಆಮೇಲಿನ ಅಪ್‌ಡೇಟ್‌ಗೆ ಮಾತ್ರ ಡೇಟಾ.

ಇನ್ನೊಂದು ಕಾರಣ ಕೈ ಬದಲಾಯಿಸುವ ವ್ಯಾಪಾರ. ಆಗ ಪಿಎಸ್5ರ ಹೊಸ ದೊಡ್ಡ ಆಟಕ್ಕೆ 4,999 ರೂಪಾಯಿ ಇತ್ತು. ಆಡಿ ಮುಗಿಸಿದ ಡಿಸ್ಕನ್ನು ಅಂಗಡಿಗೆ ಕೊಟ್ಟು, ಮೇಲೆ ಸ್ವಲ್ಪ ದುಡ್ಡು ಹಾಕಿ, ಇನ್ನೊಂದನ್ನು ಒಯ್ಯುವ ಹುಡುಗರೇ ಈ ಅಂಗಡಿಯ ಖಾಯಂ ಗಿರಾಕಿಗಳು. ಒಂದೇ ಡಿಸ್ಕ್ ಪೊನ್ನಂಪೇಟೆ, ಶ್ರೀಮಂಗಲ, ಕುಟ್ಟ ಸುತ್ತಿ ಮತ್ತೆ ಇಲ್ಲಿಗೇ ಬರುತ್ತದೆ. ಡಿಜಿಟಲ್ ಯಂತ್ರ ಕೊಂಡವರು ಈ ವಲಯದ ಹೊರಗೆ. ಅವರು ಆಟವನ್ನು ಸೋನಿಯ ಆನ್‌ಲೈನ್ ಅಂಗಡಿಯಿಂದಲೇ ಕೊಳ್ಳಬೇಕು, ಮುಗಿದಮೇಲೆ ಮಾರಲು ಆಗದು. ಕಂಪನಿಗಳು ಡಿಜಿಟಲ್ ಮಾದರಿಯನ್ನು ಕಡಿಮೆ ಬೆಲೆಗೆ ಕೊಡುವುದಕ್ಕೆ ಇದೂ ಒಂದು ಕಾರಣ ಅಂತ ನಾನು ನಂಬಿದ್ದೇನೆ. ಮುಂದಿನ ಪ್ರತಿ ಆಟದ ದುಡ್ಡೂ ನೇರ ಅವರಿಗೇ ಹೋಗುತ್ತದಲ್ಲ.

ಮುಂದಿದ್ದ ದಾರಿಗಳು

ಮಾಲೀಕರ ಮೊದಲ ಯೋಚನೆ: ಆರಕ್ಕೂ ತಲಾ 5,000 ರೂಪಾಯಿ ಇಳಿಸಿ ಬೇಗ ಕೈತೊಳೆದುಕೊಳ್ಳುವುದು. ಕೇಳಲು ಸುಲಭ. ಲೆಕ್ಕ ಹೀಗಿತ್ತು. 54,990ರಲ್ಲಿ 18 ಪರ್ಸೆಂಟ್ ಜಿಎಸ್‌ಟಿ ಸೇರಿದೆ. ಗೇಮ್ ಕನ್ಸೋಲ್‌ಗಳ ಮೇಲಿನ ತೆರಿಗೆಯನ್ನು 28ರಿಂದ 18ಕ್ಕೆ ಇಳಿಸಲು 2018ರ ಡಿಸೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ತೀರ್ಮಾನಿಸಿತ್ತು. ತೆರಿಗೆ ಬಿಟ್ಟರೆ ಬೆಲೆ ಸುಮಾರು 46,600. ಖರೀದಿ 44,300. ಉಳಿಯುವುದು 2,300. ಗಿರಾಕಿಗೆ 5,000 ಇಳಿಸಿದರೆ ಅದರಲ್ಲಿ 763 ತೆರಿಗೆಯ ಭಾಗದಿಂದ ಹೋಗುತ್ತದೆ, 4,237 ಅಂಗಡಿಯ ಜೇಬಿನಿಂದ. ಅಂದರೆ ಡಿಸ್ಕ್ ಮಾದರಿ ಒಂದಕ್ಕೆ 1,937 ನಷ್ಟ. ಡಿಜಿಟಲ್‌ನಲ್ಲಿ ಉಳಿಯುತ್ತಿದ್ದುದು 1,800ರ ಹತ್ತಿರ, ಅಲ್ಲಿ ನಷ್ಟ 2,400. ಆರೂ ಸೇರಿ ಹನ್ನೆರಡೂವರೆ ಸಾವಿರ.

ಎರಡನೇ ಯೋಚನೆ ದಸರಾವರೆಗೆ ಕಾಯುವುದು. ಗೋಣಿಕೊಪ್ಪ ದಸರಾ ಅಂದರೆ ಊರು ತುಂಬ ಜನ, ವ್ಯಾಪಾರವೂ ಜೋರು. ಆದರೆ ಒಂದು ಡಿಸ್ಕ್ ಪೆಟ್ಟಿಗೆಯಲ್ಲಿ ತೆರಿಗೆ ಸೇರಿ 52,000ಕ್ಕೂ ಜಾಸ್ತಿ ಹಣ ಸಿಕ್ಕಿಕೊಂಡಿದೆ. ಅದು ಬ್ಯಾಂಕಿನ ಓವರ್ ಡ್ರಾಫ್ಟ್ ಸಾಲದ ದುಡ್ಡು, ಬಡ್ಡಿ ವರ್ಷಕ್ಕೆ 12 ಪರ್ಸೆಂಟ್. ತಿಂಗಳಿಗೆ ಪೆಟ್ಟಿಗೆಗೆ 520 ರೂಪಾಯಿ. ಆರು ತಿಂಗಳಿಗೆ 3,100. ಪೂರ್ತಿ ಎಂಆರ್‌ಪಿಗೆ ಮಾರಿದರೂ ಉಳಿಕೆ ಹೋಗಿ ಮೇಲೆ 800 ಕೈಬಿಟ್ಟಂತೆ. ಅದೂ ಪೂರ್ತಿ ಬೆಲೆ ಸಿಕ್ಕರೆ ಮಾತ್ರ. 2023ರಲ್ಲಿ ಇದೇ 54,990ರ ಪಿಎಸ್5 ರಿಯಾಯಿತಿ ಸಮಯದಲ್ಲಿ 47,490ಕ್ಕೆ ಸಿಕ್ಕಿತ್ತು. ಹಬ್ಬದ ಹೊತ್ತಿಗೆ ಹೊಸ ಮಾದರಿಗೇ ಅಂಥದೊಂದು ಆಫರ್ ಬಂದರೆ ಹಳೇದನ್ನು ಕೇಳುವವರು ಯಾರು?

ನಮ್ಮ ಊರಿಗೇ ಸೇರಿದ ಇನ್ನೊಂದು ಅಪಾಯ ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಅಟ್ಟದ ಮೇಲೆ ಇಟ್ಟ ರಟ್ಟಿನ ಪೆಟ್ಟಿಗೆಗೆ ತೇವ ಹಿಡಿಯುತ್ತದೆ, ಮೂಲೆ ಮೆತ್ತಗಾಗುತ್ತದೆ, ಬೂಷ್ಟು ಬರುತ್ತದೆ. ಒಳಗಿನ ಯಂತ್ರಕ್ಕೆ ಏನೂ ಆಗಿರಲಿಕ್ಕಿಲ್ಲ. ಆದರೆ ಐವತ್ತು ಸಾವಿರ ಕೊಡುವವರು ಬೂಷ್ಟು ಹಿಡಿದ ಪೆಟ್ಟಿಗೆಯನ್ನು ಹೇಗೆ ಒಪ್ಪುತ್ತಾರೆ? ಈ ಒಂದು ಕಾರಣಕ್ಕೇ ನಾನು ಕಾಯುವ ಯೋಚನೆಯನ್ನು ಗಟ್ಟಿಯಾಗಿ ವಿರೋಧಿಸಿದೆ.

ಕೊನೆಗೆ ಆದ ತೀರ್ಮಾನ

ಡಿಸ್ಕ್ ಮಾದರಿಗೆ ಬೆಲೆ ಇಳಿಸಲಿಲ್ಲ. ಬದಲಿಗೆ ಗಿರಾಕಿಯೇ ಆರಿಸಿದ ಎರಡು ಹಳೇ ಆಟದ ಡಿಸ್ಕ್ ಜೊತೆಗೆ ಕೊಟ್ಟರು. ಅಂಗಡಿಗೆ ಅವು ತಲಾ ಸಾವಿರದ ಹತ್ತಿರ ಬಿದ್ದಿದ್ದವು, ಮಾರುವ ಬೆಲೆ 1,800. ಗಿರಾಕಿಗೆ 3,600ರ ಲಾಭ ಕಾಣುತ್ತದೆ, ಅಂಗಡಿಗೆ ಖರ್ಚು 2,000. ಪೆಟ್ಟಿಗೆಗೆ 300 ರೂಪಾಯಿಯಾದರೂ ಉಳಿಯಿತು. ದುಡ್ಡು ಇಳಿಸಿದ್ದರೆ ಗಿರಾಕಿ ಒಂದು ಸಲ ಖುಷಿಪಟ್ಟು ಹೋಗುತ್ತಿದ್ದರು. ಡಿಸ್ಕ್ ಕೊಟ್ಟರೆ ಅದನ್ನು ಬದಲಾಯಿಸಲು ಮತ್ತೆ ಬರುತ್ತಾರೆ.

ಯಾರಿಗೆ ತೋರಿಸಬೇಕು ಅನ್ನೋದನ್ನೂ ಯೋಚಿಸಿದೆವು. ಹೋಂಸ್ಟೇ ನಡೆಸುವವರಿಗೆ ಯಂತ್ರ ದಪ್ಪ ಇದ್ದರೆ ಏನೂ ತೊಂದರೆ ಇಲ್ಲ. ಹಾಲ್‌ನಲ್ಲಿ ಒಂದು ಕಡೆ ಇಟ್ಟರೆ ವರ್ಷಗಟ್ಟಲೆ ಅಲ್ಲೇ. ಮಳೆಯಲ್ಲಿ ಹೊರಗೆ ಹೋಗಲಾಗದೆ ಕೂತ ಅತಿಥಿಗಳ ಮಕ್ಕಳಿಗೆ ಡಿಸ್ಕ್ ಹಾಕಿದರೆ ಆಟ ಬರಬೇಕು, ಅಷ್ಟೇ. ಇಬ್ಬರು ಹೋಂಸ್ಟೇಯವರು ಒಂದೊಂದು ಒಯ್ದರು. ಒಬ್ಬ ಅಕ್ಕ ಎರಡೂ ಯಂತ್ರಗಳನ್ನು ನೋಡಿ, "ಹೊಸದಕ್ಕೆ ಸ್ಟ್ಯಾಂಡ್ ಬೇರೆ ತಗೋಬೇಕಾ? ಹಾಗಾದ್ರೆ ಇದೇ ಇರ್ಲಿ ಬಿಡಿ" ಅಂದರು. ಮೂರನೆಯದು ಹಾಕಿ ಆಟಗಾರ ಹುಡುಗನೊಬ್ಬನ ಪಾಲಾಯಿತು, ಅವನಿಗೆ ಬೇಕಿದ್ದದ್ದು ಆ ಎರಡು ಡಿಸ್ಕ್‌ಗಳೇ. ನಾಲ್ಕನೆಯದನ್ನು ಮಾತ್ರ ಮಳೆ ಶುರುವಾಗುವ ಮುಂಚೆ 49,990ಕ್ಕೆ ಬಿಟ್ಟುಕೊಟ್ಟರು. ಬೆಲೆ ವಿಚಾರದಲ್ಲಿ ಯಾರಿಗೂ ಸುಳ್ಳು ಹೇಳಲಿಲ್ಲ. ಹೊಸ ಮಾದರಿ ಬಂದಿದೆ, ಅದರಲ್ಲಿ ಇದಿದೆ, ಇದರಲ್ಲಿ ಅದಿದೆ ಅಂತ ಎರಡನ್ನೂ ಪಕ್ಕಪಕ್ಕ ಇಟ್ಟೇ ಮಾರಿದರು. ಚಿಕ್ಕ ಊರಿನಲ್ಲಿ ಹಳೇದನ್ನು ಹೊಸದು ಅಂತ ದಾಟಿಸಿದರೆ ಮುಂದಿನ ವಾರವೇ ಎಲ್ಲರಿಗೂ ಗೊತ್ತಾಗುತ್ತದೆ.

ಡಿಜಿಟಲ್‌ನದು ಬೇರೆ ಕಥೆ. ಅದಕ್ಕೆ ನೇರವಾಗಿ 6,000 ಇಳಿಸಿ 38,990 ಹಾಕಿದರು. ಅಂಗಡಿಗೆ 3,250ರಷ್ಟು ನಷ್ಟ. ಪೇಟೆಯಲ್ಲೇ ಇರುವ, ಮನೆಗೆ ಫೈಬರ್ ಇರುವ ವಿದ್ಯಾರ್ಥಿಯೊಬ್ಬ ಒಂದನ್ನು ಬೇಗ ಒಯ್ದ. ಇನ್ನೊಂದು ಕದಲಲಿಲ್ಲ. ಬಂದವರೆಲ್ಲ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಮುಂದೆ ಇದಕ್ಕೆ ಡಿಸ್ಕ್ ಹಾಕಿಸಬಹುದಾ ಅಣ್ಣ?" ಇಲ್ಲ ಅಂದ ತಕ್ಷಣ ಮಾತು ಮುಗಿಯುತ್ತಿತ್ತು. ಜುಲೈನಲ್ಲಿ ಅದು 36,990ಕ್ಕೆ ಹೋಯಿತು, ನಷ್ಟ 4,950.

ಒಟ್ಟು ಲೆಕ್ಕದಲ್ಲಿ ಒಂಬತ್ತು ಸಾವಿರ ಚಿಲ್ಲರೆ ಕೈಬಿಟ್ಟಿತು, ಬಡ್ಡಿ ಬೇರೆ. ಆರಕ್ಕೂ ಸಮನಾಗಿ ಇಳಿಸಿದ್ದರೆ ಹನ್ನೆರಡೂವರೆ ಸಾವಿರ ಹೋಗುತ್ತಿತ್ತು. ಉಳಿದದ್ದು ಮೂರು ಸಾವಿರ ಅಷ್ಟೇನಾ ಅನ್ನಿಸಬಹುದು. ಈ ವ್ಯಾಪಾರದಲ್ಲಿ ಒಂದು ಪೀಸ್ ಮಾರಿದರೆ ಸಿಗುವುದೇ ಎರಡು ಸಾವಿರ ಚಿಲ್ಲರೆ, ಹಾಗಾಗಿ ಅದು ಚಿಕ್ಕ ಮೊತ್ತ ಅಲ್ಲ. ಡಿಜಿಟಲ್ ಎರಡಕ್ಕೂ ಮೊದಲ ವಾರದಲ್ಲೇ 36,990 ಹಾಕಬೇಕಿತ್ತು ಅನ್ನೋದು ನನ್ನ ಅಭಿಪ್ರಾಯ. ಮಾಲೀಕರು ಒಪ್ಪುವುದಿಲ್ಲ. ಮೊದಲನೆಯದು 38,990ಕ್ಕೇ ಹೋಯಿತಲ್ಲ, ಸುಮ್ನೆ ಎರಡು ಸಾವಿರ ಯಾಕೆ ಬಿಡಬೇಕಿತ್ತು ಅನ್ನುತ್ತಾರೆ. ಅವರ ಮಾತಿನಲ್ಲೂ ಹುರುಳಿದೆ.

ಆಮೇಲಿನ ಬೆಳವಣಿಗೆಗಳು

2024ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಪಿಎಸ್5 ಪ್ರೋ 699.99 ಡಾಲರ್‌ಗೆ ಬಂತು. ಡಿಸ್ಕ್ ಡ್ರೈವ್ ಇಲ್ಲದೆ. ಅದರ ವೈಫೈ ಬಳಸುವ 6 ಗಿಗಾಹರ್ಟ್ಸ್ ತರಂಗಕ್ಕೆ ಆಗ ಇಲ್ಲಿ ಅನುಮತಿ ಇಲ್ಲದ್ದರಿಂದ ಭಾರತದಲ್ಲಿ ಬಿಡುಗಡೆಯಾಗಲಿಲ್ಲ. 2025ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಮೂರೂ ಮಾದರಿಗಳ ಬೆಲೆ 50 ಡಾಲರ್ ಏರಿತು. ಅದೇ ವರ್ಷ ಯುರೋಪಿನಲ್ಲಿ ಬಂದ ಡಿಜಿಟಲ್ ಮಾದರಿಯಲ್ಲಿ ಸಂಗ್ರಹವನ್ನು 1 ಟಿಬಿಯಿಂದ ಮತ್ತೆ 825 ಜಿಬಿಗೆ ಇಳಿಸಿದರು, ಬೆಲೆ ಮಾತ್ರ ಅಷ್ಟೇ. ಇಲ್ಲಿ ಲೆಕ್ಕ ತಿರುಗುಮುರುಗು. ಹಳೇ ಸ್ಟಾಕ್ ಇಟ್ಟುಕೊಂಡ ಅಂಗಡಿಯವರ ಕೈಯಲ್ಲಿರುವುದೇ ಒಳ್ಳೆಯ ಮಾಲು! ಮರುವಿನ್ಯಾಸ ಅಂದ ತಕ್ಷಣ ಹಳೇದನ್ನು ಕಣ್ಣುಮುಚ್ಚಿ ಕಡಿಮೆಗೆ ಬಿಸಾಕಬಾರದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಡ.

ಗೋಣಿಕೊಪ್ಪದ ಅಂಗಡಿಯಲ್ಲಿ ಈಗ ಕನ್ಸೋಲ್ ತರಿಸುವ ಕ್ರಮ ಬದಲಾಗಿದೆ. ಅಟ್ಟದ ಮೇಲೆ ಎರಡಕ್ಕಿಂತ ಜಾಸ್ತಿ ಪೀಸ್ ಇಡುವುದಿಲ್ಲ. ಗಿರಾಕಿ ಮುಂಗಡ ಕೊಟ್ಟರೆ ಮೈಸೂರಿನಿಂದ ಹುಣಸೂರು ದಾರಿಯ ಬಸ್ ಪಾರ್ಸೆಲ್‌ನಲ್ಲಿ ತರಿಸುತ್ತಾರೆ. ಡಿಜಿಟಲ್ ಮಾದರಿಯನ್ನು ಕೇಳಿದವರಿಗೆ ಮಾತ್ರ. ಬೆಲೆ ಬದಲಾಗದೆ ಮಾದರಿ ಮಾತ್ರ ಬದಲಾದರೂ ಸೀಲ್ ಒಡೆಯದ ಪೀಸ್ ವಾಪಸ್ ತಗೊಳ್ಳಬೇಕು ಅಂತ ಡಿಸ್ಟ್ರಿಬ್ಯೂಟರ್‌ಗೆ ಬರೆದು ಕೇಳಿದ್ದೇವೆ. ಬಾಯಿಮಾತಿನಲ್ಲಿ ನೋಡೋಣ ಅಂದಿದ್ದಾರೆ. ಕಾಗದದ ಮೇಲೆ ಇನ್ನೂ ಸಹಿ ಬಿದ್ದಿಲ್ಲ.